ಶ್ರೀರಾಂಪುರದ ಸೈಟು: ಖಾತೆಗೆ ಪಾಲಿಕೆಯೋ, ಪಟ್ಟಣ ಪಂಚಾಯಿತಿಯೋ, ಎಂಡಿಎಯೋ?

ಪ್ರಶ್ನೆ (ಮೈಸೂರು ದಕ್ಷಿಣ)

ಶ್ರೀರಾಂಪುರದ ಕಡೆ 30×40 ಸೈಟಿನ ಮಾತುಕತೆ ನಡೀತಿದೆ. ಮಾರುವವರ ಹತ್ತಿರ ಇರುವುದು ಹಳೇ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ. ಬಡಾವಣೆಗೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗಿನ ಎಂಡಿಎ) ಅನುಮೋದನೆ ಇದೆ ಅಂತಾರೆ. ಏಜೆಂಟರ ಪ್ರಕಾರ ಇದು ‘ಸಿಟಿ ಒಳಗೇ’. ಹಾಗಾದರೆ ಖಾತೆ, ಕಂದಾಯ, ಲೈಸೆನ್ಸ್ ಇದಕ್ಕೆಲ್ಲ ಯಾವ ಕಚೇರಿ? ಸುತ್ತಲಿನ ಸಂಸ್ಥೆಗಳನ್ನು ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಆದರೆ ಮತ್ತೆ ಎಲ್ಲ ಹೊಸದಾಗಿ ಮಾಡಿಸಬೇಕಾ?

ಉತ್ತರ 1 (ಕಂದಾಯ ಕಡತ)

‘ಸಿಟಿ ಒಳಗೆ’ ಅನ್ನುವ ಮಾತಿಗೆ ಕಾಗದದಲ್ಲಿ ಬೆಲೆ ಇಲ್ಲ. ಪಾಲಿಕೆ ಅಂದರೆ 65 ವಾರ್ಡು, 9 ವಲಯ ಕಚೇರಿ, ಅಷ್ಟೇ. ಅದರ ಸುತ್ತ 2020ರಲ್ಲಿ ಗ್ರಾಮ ಪಂಚಾಯಿತಿಗಳನ್ನು ಮೇಲ್ದರ್ಜೆಗೇರಿಸಿ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಮಾಡಿದರು. ಶ್ರೀರಾಂಪುರದಲ್ಲಿ ತೊಡಕು ಜಾಸ್ತಿ: ಒಂದು ಭಾಗ ಪಾಲಿಕೆಯಲ್ಲಿದೆ, ಪಟ್ಟಣ ಪಂಚಾಯಿತಿಗೂ ಅದೇ ಹೆಸರು. ಬಡಾವಣೆ ಹೆಸರು ನಂಬಬೇಡಿ. ಸರ್ವೆ ನಂಬರ್ ಹಿಡಿದುಕೊಂಡು ಹೋಗಿ ಎರಡೂ ಕಡೆ ಕೇಳಿ.

ಎಂಡಿಎ, ಅಂದರೆ ಹಿಂದಿನ ಮುಡಾ, ಸ್ಥಳೀಯ ಸಂಸ್ಥೆಯಲ್ಲ, ಯೋಜನಾ ಪ್ರಾಧಿಕಾರ. ಅದರ ಮೈಸೂರು-ನಂಜನಗೂಡು ಯೋಜನಾ ಪ್ರದೇಶ ಪಾಲಿಕೆ ಗಡಿ ದಾಟಿ ಬಹಳ ದೂರ ಹೋಗುತ್ತದೆ. ಬಡಾವಣೆ ನಕ್ಷೆಗೆ ಅನುಮೋದನೆ, ಸೈಟು ಬಿಡುಗಡೆ ಅದರ ಕೆಲಸ. ಅದು ಅನುಮೋದಿಸಿದ ಮಾತ್ರಕ್ಕೆ ಜಾಗ ಪಾಲಿಕೆಗೆ ಸೇರುವುದಿಲ್ಲ.

ನಿಮ್ಮ ಸೈಟು ಪಟ್ಟಣ ಪಂಚಾಯಿತಿಯದ್ದೇ ಆದರೆ ಆ ನಮೂನೆ 9ರ ಮೇಲೆ ಈಗ ನೋಂದಣಿ ಆಗುವುದಿಲ್ಲ. ಅದು ಇ-ಸ್ವತ್ತು ತಂತ್ರಾಂಶದ ದಾಖಲೆ, ಗ್ರಾಮ ಪಂಚಾಯಿತಿಗೆ ಮಾತ್ರ. ಈಗ ಬೇಕಾಗಿರುವುದು ನಗರ ಸ್ಥಳೀಯ ಸಂಸ್ಥೆಗಳ ಇ-ಆಸ್ತಿ ತಂತ್ರಾಂಶದ ನಮೂನೆ-3, ಅಂದರೆ ಇ-ಖಾತೆ. ಅದನ್ನು ಕ್ರಯಕ್ಕೆ ಮೊದಲೇ, ಮಾರುವವರ ಹೆಸರಿಗೇ ಮಾಡಿಸಿಕೊಳ್ಳಿ. ಭೂ ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಆ ಸೈಟಿನ ನಂಬರ್ ಇರುವ ಬಿಡುಗಡೆ ಪತ್ರ, ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಕಂದಾಯ ರಸೀದಿ, ಆಧಾರ್, ಸೈಟಿನ ಫೋಟೊ ಕೊಡಬೇಕು. ಸ್ಥಳ ಪರಿಶೀಲನೆ ಆಗಿ ಮುಖ್ಯಾಧಿಕಾರಿ ಡಿಜಿಟಲ್ ಸಹಿ ಹಾಕುತ್ತಾರೆ.

ಕಡತ ನಿಲ್ಲುವುದು ಸಾಮಾನ್ಯವಾಗಿ ಚೆಕ್ಕುಬಂದಿಯಲ್ಲಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ನಕ್ಷೆಯಲ್ಲಿ ಪೂರ್ವಕ್ಕೆ ಸೈಟು ಅಂತಿದ್ದರೆ ತಿದ್ದುಪಡಿ ಪತ್ರ ನೋಂದಣಿ ಆಗುವ ತನಕ ಕಡತ ಮುಂದೆ ಹೋಗುವುದಿಲ್ಲ. ಇನ್ನೊಂದು, ಬಡಾವಣೆಗೆ ಅನುಮೋದನೆ ಇದ್ದರೂ ಎಲ್ಲ ಸೈಟೂ ಬಿಡುಗಡೆ ಆಗಿರುವುದಿಲ್ಲ. ರಸ್ತೆ, ಚರಂಡಿ, ನೀರಿನ ಕೆಲಸ ಮುಗಿದಂತೆ ಹಂತ ಹಂತವಾಗಿ ಬಿಡುತ್ತಾರೆ. ಬಿಡುಗಡೆ ಪತ್ರದಲ್ಲಿ ನಿಮ್ಮ ನಂಬರ್ ಇಲ್ಲದಿದ್ದರೆ ಮುಂಗಡ ಕೊಡಲೇಬೇಡಿ.

ಉತ್ತರ 2 (ಪತ್ರ ಬರಹಗಾರ)

ಖರ್ಚಿನ ಲೆಕ್ಕ: ಮುದ್ರಾಂಕ ಶೇ. 5, ಅದರ ಮೇಲೆ ಶೇ. 10 ಸೆಸ್, ಸರ್‌ಚಾರ್ಜ್ ನಗರ ಪ್ರದೇಶದಲ್ಲಿ ಶೇ. 2, ಗ್ರಾಮಾಂತರದಲ್ಲಿ ಶೇ. 3. ಹಾಗಾಗಿ ನಗರದಲ್ಲಿ ಶೇ. 5.6, ಹಳ್ಳಿಯಲ್ಲಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಸೈಟು 40 ಲಕ್ಷ ಆದರೆ ನಗರದ ದರದಲ್ಲಿ 2,24,000 ಮತ್ತು 80,000, ಒಟ್ಟು 3,04,000. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ಕ್ರಯದ ಮೊತ್ತಕ್ಕಿಂತ ಹೆಚ್ಚಿದ್ದರೆ ಅದರ ಮೇಲೇ ಲೆಕ್ಕ.

ಉತ್ತರ 3 (ಮಂಡ್ಯ)

ದೂರು ಕೊಡುವ ಜಾಗವೂ ಬೇರೆ ಬೇರೆ, ಇದನ್ನು ತಿಳಿದುಕೊಳ್ಳದೆ ಎಷ್ಟೋ ಜನ ಸುಮ್ಮನೆ ಅಲೆಯುತ್ತಾರೆ. ಪಾಲಿಕೆ ನಡೆಯುವುದು 1976ರ ಕಾಯ್ದೆಯಲ್ಲಿ. ವಲಯ ಕಚೇರಿಯಲ್ಲಿ ಆಗದಿದ್ದರೆ ಆಯುಕ್ತರು. ನಗರಸಭೆ, ಪಟ್ಟಣ ಪಂಚಾಯಿತಿಗೆ 1964ರ ಪುರಸಭೆಗಳ ಕಾಯ್ದೆ. ಮೇಲೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ. ಅರ್ಜಿಯನ್ನು ಅಲ್ಲಿನ ಯೋಜನಾ ನಿರ್ದೇಶಕರಿಗೆ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ನಮ್ಮ ಮಂಡ್ಯ ಜಿಲ್ಲಾ ಕೇಂದ್ರವಾದರೂ ನಗರಸಭೆ, ಹಾಗಾಗಿ ಇಲ್ಲೂ ಅದೇ ದಾರಿ. ಪ್ರಾದೇಶಿಕ ಆಯುಕ್ತರ ಕಚೇರಿ ಮೈಸೂರಿನಲ್ಲೇ ಇದೆ ಅಂತ ಖಾತೆ ದೂರು ಹೊತ್ತುಕೊಂಡು ಅಲ್ಲಿಗೆ ಹೋಗಬೇಡಿ. ಅದು ಎಂಟು ಜಿಲ್ಲೆಗಳ ವಿಭಾಗದ ಕಚೇರಿ. ಮೇಯರ್ ಚುನಾವಣೆ ನಡೆಸುವುದು ಅವರು, ಖಾತೆ ಮಾಡಿಕೊಡುವುದು ಅವರ ಕೆಲಸವಲ್ಲ.

ಉತ್ತರ 4 (ಕಂದಾಯ ಕಡತ)

ಬೃಹತ್ ಮೈಸೂರಿನ ಪ್ರಶ್ನೆ ಬಿಟ್ಟುಹೋಗಿತ್ತು. ಮೊದಲ ಉತ್ತರದಲ್ಲಿ ಹೇಳಿದ ಒಂದು ನಗರಸಭೆ, ನಾಲ್ಕು ಪಟ್ಟಣ ಪಂಚಾಯಿತಿ, ಈ ಐದೂ ಸಂಸ್ಥೆಗಳನ್ನು ಪಾಲಿಕೆಗೆ ಸೇರಿಸುವುದು ಅದರ ತಿರುಳು. ಕರಡು ಅಧಿಸೂಚನೆ, ಆಕ್ಷೇಪಣೆ, ಆಮೇಲೆ ರಾಜ್ಯಪತ್ರದಲ್ಲಿ ಅಂತಿಮ ಅಧಿಸೂಚನೆ, ಇದೇ ಕ್ರಮ. ಅಂತಿಮ ಅಧಿಸೂಚನೆ ಜಾರಿಗೆ ಬರುವವರೆಗೆ ಕಂದಾಯ ಈಗಿನ ಸಂಸ್ಥೆಗೇ ಕಟ್ಟಬೇಕು. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಸೇರಿದ ಮೇಲೆ ಆಸ್ತಿ ದಾಖಲೆ ಸಂಸ್ಥೆಯಿಂದ ಸಂಸ್ಥೆಗೆ ವರ್ಗವಾಗುತ್ತದೆ, ನೀವು ಕ್ರಯಪತ್ರ ಮತ್ತೆ ಮಾಡಿಸಬೇಕಿಲ್ಲ. ಆದರೆ ಗಡಿ ಬದಲಾಯಿತು ಅಂತ ಬಿ ಖಾತೆ (ಅನುಮೋದನೆ ಇಲ್ಲದ ಆಸ್ತಿಯದ್ದು) ತಾನಾಗಿಯೇ ಎ ಖಾತೆ (ಕ್ರಮಬದ್ಧ ಆಸ್ತಿಯದ್ದು) ಆಗುವುದಿಲ್ಲ. ‘ಪಾಲಿಕೆಗೆ ಸೇರಿದರೆ ಎಲ್ಲ ಸರಿಹೋಗುತ್ತೆ’ ಅಂತ ರೆವಿನ್ಯೂ ಸೈಟು (ಬಡಾವಣೆ ಅನುಮೋದನೆ ಇಲ್ಲದ ಸೈಟು) ಮಾರುವವರು ಹೇಳುವುದನ್ನು ಕೇಳಿ ದುಡ್ಡು ಹಾಕಬೇಡಿ.

ಹಳೇ ಕಂದಾಯ ರಸೀದಿ ಯಾವುದನ್ನೂ ಬಿಸಾಡಬೇಡಿ. ಗ್ರಾಮ ಪಂಚಾಯಿತಿ ಕಾಲದ ಬಾಕಿ ಹೊಸ ತಂತ್ರಾಂಶದಲ್ಲಿ ಹಾಗೇ ತೋರಿಸಿದರೆ ಕಟ್ಟಿದ್ದಕ್ಕೆ ಪುರಾವೆ ಆ ಚೀಟಿಯೊಂದೇ.