ಹಲ್ಲು ಚೆಕಪ್‌ಗೆ ಹೋದ್ರೆ ನಾಲಿಗೆ ಯಾಕೆ ಎಳೆದು ನೋಡ್ತಾರೆ?

ಪ್ರಶ್ನೆ: ನಿನ್ನೆ ಡಾಕ್ಟ್ರು ಬಟ್ಟೆ ತುಂಡಲ್ಲಿ ನಾಲಿಗೆ ಹಿಡಿದು ಆ ಕಡೆ ಈ ಕಡೆ ಎಳೆದ್ರು, ಆಮೇಲೆ ಕುತ್ತಿಗೆ ಬೇರೆ ಒತ್ತಿ ನೋಡಿದ್ರು. ನಾನು ಸಿಗರೇಟೂ ಸೇದಲ್ಲ, ಏನಾದ್ರೂ ಡೌಟ್ ಬಂದಿತ್ತಾ?

ಉತ್ತರ: ಭಯ ಬೇಡ, ಅದು ಬಾಯಿ ಕ್ಯಾನ್ಸರ್ ಸ್ಕ್ರೀನಿಂಗ್, ಅಂದ್ರೆ ಡೌಟ್ ಇಲ್ಲದಿದ್ರೂ ಮೊದಲೇ ನೋಡೋ ಪರೀಕ್ಷೆ, ಎರಡು ಮೂರು ನಿಮಿಷದ ಕೆಲಸ. ನಾಲಿಗೆ ಅಂಚು, ಅದರ ಕೆಳಗಿನ ಜಾಗ ಕನ್ನಡೀಲಿ ನಮಗೆ ಸರಿಯಾಗಿ ಕಾಣಲ್ಲ ಅದಕ್ಕೇ ಎಳೆದು ನೋಡೋದು, ಗಂಟು ಇದ್ಯಾ ಅಂತ ಕುತ್ತಿಗೆ ಒತ್ತೋದು. ತಂಬಾಕು ಮುಟ್ಟದವರಿಗೂ ಬರುತ್ತೆ, ಕಮ್ಮಿ ಅಷ್ಟೆ.

ಉತ್ತರ: ನಂಗೆ ಕೆನ್ನೆ ಒಳಗೆ ಬಿಳಿ ಮಚ್ಚೆ ಇತ್ತು, ನೋವೇ ಇರ್ಲಿಲ್ಲ. ಬಯಾಪ್ಸಿ (ಚೂರು ತೆಗೆದು ಲ್ಯಾಬಲ್ಲಿ ನೋಡೋದು) ಮಾಡಿದ್ರು, ಚೂಪಾದ ಹಲ್ಲು ಕೆನ್ನೆಗೆ ತಾಗಿ ತಾಗಿ ಆಗಿದ್ದಂತೆ. ರಿಪೋರ್ಟ್ ಬರೋವರೆಗೂ ನಿದ್ದೆ ಇಲ್ಲ ಬಿಡಿ.

ಉತ್ತರ: ಹುಣ್ಣು 2 ವಾರ ಆದ್ರೂ ಮಾಯದಿದ್ರೆ ಮುಂದಿನ ಚೆಕಪ್‌ವರೆಗೂ ಕಾಯ್ಬೇಡಿ.