ಅನ್ನ ಬಿಟ್ಟಾಯಿತು, ಸಿಹಿಯ ಆಸೆ ಬಿಡುತ್ತಿಲ್ಲ: ಅನುಭವವುಳ್ಳವರು ತಿಳಿಸಿ

ಪ್ರಶ್ನೆ, ತುಮಕೂರಿನಿಂದ:
ನನಗೆ 51 ವರ್ಷ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ವೈದ್ಯರು ಹೇಳಿದ ಮೇಲೆ ಎರಡು ತಿಂಗಳಿಂದ ಅನ್ನ, ಮುದ್ದೆ, ಚಪಾತಿಗಳನ್ನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಅದು ಅಷ್ಟೇನೂ ಕಷ್ಟವಾಗಲಿಲ್ಲ. ಆದರೆ ಸಂಜೆ ನಾಲ್ಕು ಗಂಟೆಯಾಯಿತೆಂದರೆ ಏನಾದರೂ ಸಿಹಿ ಬೇಕೇ ಬೇಕು ಎನಿಸುತ್ತದೆ. ಮುಂದಿನ ವಾರ ಗೌರಿ ಗಣೇಶ ಹಬ್ಬ ಬೇರೆ. ಇದನ್ನು ದಾಟಿದವರು ಹೇಗೆ ದಾಟಿದಿರಿ?

ದಾವಣಗೆರೆಯಿಂದ:
ಮೂರು ವರ್ಷಗಳ ಹಿಂದೆ ನಾನೂ ಅದೇ ನಾಲ್ಕು ಗಂಟೆಗೆ ಸೋಲುತ್ತಿದ್ದೆ. ಬೆಲ್ಲದ ಡಬ್ಬಿಯ ಮುಚ್ಚಳವನ್ನು ಎಷ್ಟು ಮೆಲ್ಲಗೆ ತೆಗೆದರೂ ನಡುಮನೆಯಿಂದ ಅತ್ತೆಯವರು "ಯಾರದು ಅಡುಗೆಮನೆಯಲ್ಲಿ?" ಎಂದು ಕೇಳುತ್ತಿದ್ದರು. ಕೊನೆಗೆ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಪ್ರತಿದಿನ ಮಧ್ಯಾಹ್ನ ಏನು ತಿಂದೆ, ಸಂಜೆ ಡಬ್ಬಿ ತೆರೆದೆನೇ ಇಲ್ಲವೇ ಎಂದು ಬರೆದಿಡತೊಡಗಿದೆ. ಹದಿನೈದು ದಿನಗಳಲ್ಲಿ ಗುಟ್ಟು ತಿಳಿಯಿತು: ಸೌತೆಕಾಯಿ ಕೋಸಂಬರಿ ಮತ್ತು ಮಜ್ಜಿಗೆಯಲ್ಲಿ ಊಟ ಮುಗಿಸಿದ ದಿನಗಳಲ್ಲೆಲ್ಲ ಡಬ್ಬಿ ತೆರೆದಿತ್ತು, ಎರಡು ಮೊಟ್ಟೆಯನ್ನೋ, ಪನೀರು ಹಾಕಿದ ಪಲ್ಯವನ್ನೋ ಹೊಟ್ಟೆ ತುಂಬ ತಿಂದ ದಿನಗಳಲ್ಲಿ ಅದರ ನೆನಪೇ ಬಂದಿರಲಿಲ್ಲ. ಅನ್ನವನ್ನು ತೆಗೆದ ಜಾಗಕ್ಕೆ ನಾನು ಬೇರೇನನ್ನೂ ಇಟ್ಟಿರಲಿಲ್ಲ, ಅಷ್ಟೇ. ಆದ್ದರಿಂದ ಸಂಜೆಯ ಆಸೆಯೊಡನೆ ಗುದ್ದಾಡುವ ಮೊದಲು ಮಧ್ಯಾಹ್ನದ ತಟ್ಟೆಯನ್ನು ನೋಡಿಕೊಳ್ಳಿ.

ಇನ್ನೊಂದು ಮಾತು. ಅನ್ನ, ಮುದ್ದೆಗಳಲ್ಲಿರುವ ಪಿಷ್ಟ ಕಡಿಮೆಯಾದಾಗ ದೇಹದಲ್ಲಿ ಇನ್ಸುಲಿನ್ (ರಕ್ತದ ಸಕ್ಕರೆಯನ್ನು ಇಳಿಸುವ ಹಾರ್ಮೋನು) ಇಳಿದು, ಮೂತ್ರಪಿಂಡಗಳು ಉಪ್ಪು ಮತ್ತು ನೀರನ್ನು ಹೆಚ್ಚಾಗಿ ಹೊರಹಾಕುತ್ತವೆ. ಮೊದಲ ವಾರಗಳ ತಲೆನೋವು, ಸುಸ್ತುಗಳಿಗೆ ಇದೂ ಒಂದು ಕಾರಣ. ಆ ಸುಸ್ತನ್ನು ನಾನು ಸಿಹಿಯ ಆಸೆ ಎಂದೇ ತಿಳಿದಿದ್ದೆ. ಈಗ ನಾಲ್ಕು ಗಂಟೆಗೆ ಉಪ್ಪು ಹಾಕಿದ ಮಜ್ಜಿಗೆ, ನಾಲ್ಕು ಚೂರು ಹಸಿ ಕೊಬ್ಬರಿ, ಒಂದು ಹಿಡಿ ಹುರಿದ ಕಡಲೆಕಾಯಿ ಸಾಕಾಗುತ್ತದೆ. ರಕ್ತದೊತ್ತಡ ಇರುವವರು ಉಪ್ಪಿನ ವಿಷಯವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಶಿವಮೊಗ್ಗದಿಂದ:
ಬೆಲ್ಲ, ಜೇನುತುಪ್ಪ, ಖರ್ಜೂರಗಳನ್ನು "ಸಕ್ಕರೆ ಅಲ್ಲವಲ್ಲ" ಎಂದು ತಿನ್ನಬೇಡಿ. ರಕ್ತಕ್ಕೆ ಸೇರಿದ ಮೇಲೆ ಮೂರೂ ಸಕ್ಕರೆಯೇ. ಸಬ್ಬಕ್ಕಿ ಪಾಯಸಕ್ಕೆ ಸಕ್ಕರೆಯ ಬದಲು ಸ್ಟೀವಿಯಾ (ಸಕ್ಕರೆಯಿಲ್ಲದೆ ಸಿಹಿ ಕೊಡುವ ಎಲೆಯ ಸಾರ) ಹಾಕಿಯೂ ಪ್ರಯೋಜನವಿಲ್ಲ, ಸಬ್ಬಕ್ಕಿಯೇ ಅಪ್ಪಟ ಪಿಷ್ಟ. ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಿರಿ: ಒಂದು ಚಹಾ ಚಮಚೆಯಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇರುವುದರಿಂದ, ಲೋಟಕ್ಕೆ ಎರಡು ಚಮಚೆಯಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ 32 ಗ್ರಾಂ ಆಯಿತು. ನಾನು ವಾರಕ್ಕೆ ಅರ್ಧ ಚಮಚೆಯಂತೆ ಇಳಿಸುತ್ತ ಬಂದೆ. ಈಗ ಮೊದಲಿನ ಕಾಫಿ ಕೊಟ್ಟರೆ ಪಾನಕ ಕುಡಿದಂತಾಗುತ್ತದೆ.

ಹುಬ್ಬಳ್ಳಿಯಿಂದ:
ತಾವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಬರೆದಿಲ್ಲ. ನಾನು ದೇಹದಲ್ಲಿ ಇನ್ಸುಲಿನ್ ಹೆಚ್ಚಿಸಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಲೇ, ವೈದ್ಯರಿಗೆ ತಿಳಿಸದೆ, ರೊಟ್ಟಿ ಅನ್ನಗಳನ್ನು ಬಿಟ್ಟಿದ್ದೆ. ಒಂದು ಮಧ್ಯಾಹ್ನ ಸಿಹಿ ಬೇಕೆನ್ನುವ ಆಸೆಯ ಜೊತೆಗೆ ಕೈ ನಡುಗಿ, ಅಂಗಿ ಬೆವರಿನಲ್ಲಿ ತೊಯ್ದಿತು. ಮನಸ್ಸನ್ನು ಗಟ್ಟಿ ಮಾಡಿಕೊಂಡು ಸುಮ್ಮನೆ ಕುಳಿತೆ, ಅದೇ ತಪ್ಪು. ಮಗಳು ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 58ಕ್ಕೆ (mg/dL) ಇಳಿದಿತ್ತು. 70ಕ್ಕಿಂತ ಕೆಳಗಿದ್ದರೆ ಅದು ತಡೆದುಕೊಳ್ಳುವ ಆಸೆಯಲ್ಲ. ಕೂಡಲೇ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇನ್ಸುಲಿನ್ ಅಥವಾ ಇಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲೇ ವೈದ್ಯರಿಂದ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು.

ಮೈಸೂರಿನಿಂದ:
ಹಬ್ಬದ ಬಗ್ಗೆ ಹೇಳುತ್ತೇನೆ. ಅಡುಗೆ ಮಾಡುವವರನ್ನು ಕೆಡಿಸುವುದು ಎಲೆಯ ಮೇಲಿನ ಕಡುಬಲ್ಲ, ಒಲೆಯ ಮುಂದಿನ ಹೂರಣ. ಬೆಲ್ಲ ಸಾಕೇ, ಏಲಕ್ಕಿ ಹೆಚ್ಚಾಯಿತೇ ಎಂದು ಬೆರಳಿನಲ್ಲಿ ನೆಕ್ಕಿ ನೋಡುವುದರಲ್ಲೇ ಎರಡು ಕಡುಬಿನಷ್ಟು ಹೊಟ್ಟೆ ಸೇರಿರುತ್ತದೆ. ನಾನು ಆ ಕೆಲಸವನ್ನು ಓರಗಿತ್ತಿಗೆ ಒಪ್ಪಿಸಿದ್ದೇನೆ. ಪಲ್ಯ, ಕೋಸಂಬರಿಗಳನ್ನು ಮೊದಲು ತಿಂದು, ಕೊನೆಗೆ ಒಂದೇ ಕಡುಬನ್ನು ತುಪ್ಪದೊಡನೆ ನಿಧಾನವಾಗಿ ತಿನ್ನುತ್ತೇನೆ, ಉಳಿದದ್ದು ಅಂದೇ ಬಂದವರ ಕೈಗೆ ಹೋಗುತ್ತದೆ. ನೆಂಟರಿಗೆ "ಸಕ್ಕರೆ ಕಾಯಿಲೆ" ಎಂದರೆ ಹಾಗಲಕಾಯಿ ರಸದಿಂದ ಹಿಡಿದು ಹತ್ತು ಔಷಧಿ ಹೇಳುತ್ತಾರೆ. "ಈಗ ತಾನೇ ಆಯಿತು" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ತುಮಕೂರಿನಿಂದ:
ಎಲ್ಲರಿಗೂ ಧನ್ಯವಾದಗಳು. ನಾನು ತೆಗೆದುಕೊಳ್ಳುತ್ತಿರುವುದು ಮೆಟ್‌ಫಾರ್ಮಿನ್ ಮಾತ್ರೆ ಒಂದೇ, ಅದೊಂದರಿಂದಲೇ ಸಕ್ಕರೆ ಅಷ್ಟು ಕೆಳಗಿಳಿಯುವುದು ಅಪರೂಪ. ಆದರೂ ಈ ವಾರ ವೈದ್ಯರಲ್ಲಿ ಕೇಳುತ್ತೇನೆ. ದಾವಣಗೆರೆಯವರ ಮಾತು ಓದಿ ಇಂದಿನ ಊಟವನ್ನು ನೆನಪಿಸಿಕೊಂಡೆ: ಸೌತೆಕಾಯಿ, ಟೊಮೆಟೊ, ಒಂದು ಲೋಟ ಮಜ್ಜಿಗೆ. ನಾಳೆಗೆಂದು ಮೊಟ್ಟೆ ತರಿಸಿದ್ದೇನೆ.