ಸದ್ದು ಮಾಡದ ಗ್ರಾಫಿಕ್ಸ್ ಕಾರ್ಡ್ ಬೇಕು, ಒಂದೇ ಹೆಸರು ಹೇಳಿ ಸಾಕು

ನಿದ್ದೆಗೇಡಿ:
ನನ್ನ ಕಾರ್ಡ್‌ನ ಸದ್ದು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಹೆಡ್‌ಫೋನ್ ಹಾಕಿಕೊಂಡರೂ ಬಿಡುವುದಿಲ್ಲ. ಪಕ್ಕದ ಕೋಣೆಯಿಂದ "ಏನೋ ಅದು, ಮಿಕ್ಸಿ ಹಾಕಿದ್ಯಾ?" ಅಂತ ಕೂಗುತ್ತಾರೆ. ಹೊಸದು ತಗೊಳ್ಳೋದು ಅಂತ ತೀರ್ಮಾನ ಮಾಡಿದ್ದೇನೆ. ಸದ್ದು ಇರಬಾರದು, ಕೊಟ್ಟ ದುಡ್ಡಿಗೆ ಮೋಸ ಆಗಬಾರದು. ಎಲ್ಲಿ ಹುಡುಕಿದರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದೇ ಹೆಸರು ಹೇಳಿ. ಮಿಕ್ಕ ಪಿಸಿ ಚೆನ್ನಾಗಿಯೇ ಇದೆ.

ಮೌನವ್ರತ:
"ಚೆನ್ನಾಗಿಯೇ ಇದೆ" ಅಂದರೆ ನಮಗೇನು ಗೊತ್ತಾಗಬೇಕು ಗುರು? ಸಿಪಿಯು ಯಾವುದು? ಪವರ್ ಸಪ್ಲೈ ಎಷ್ಟು ವ್ಯಾಟ್? ಕೇಸ್ ಎಂಥದ್ದು? ಈಗಿರುವ ಕಾರ್ಡ್ ಯಾವುದು?

ಪೇಸ್ಟ್‌ಪಂಡಿತ:
ಕಾರ್ಡ್ ಹಳೇದಿರಬೇಕು, ಅಲ್ವಾ? ಚಿಪ್‌ನ ಬಿಸಿ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿದೆ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಬಿಚ್ಚಿ, ಒರೆಸಿ, ಹೊಸ ಪೇಸ್ಟ್ ಹಾಕಿ. ಸುಮ್ನೆ ಯಾಕೆ ಹೊಸ ಕಾರ್ಡು?

ನಿದ್ದೆಗೇಡಿ:
ರೈಜೆನ್ 5 3600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್. ಕಾರ್ಡ್ ಎರಡು ಫ್ಯಾನಿಂದು, 8 ಪಿನ್‌ನ ಪವರ್ ಕನೆಕ್ಟರ್ ಒಂದಿದೆ. ಮಾನಿಟರ್ 1440ಪಿ. ಪೇಸ್ಟ್ ಈಗಾಗಲೇ ಬದಲಾಯಿಸಿ ಆಗಿದೆ. ಈಗ ಹೆಸರು ಹೇಳಿ.

ಪೇಸ್ಟ್‌ಪಂಡಿತ:
ಪೇಸ್ಟ್ ಸರಿ, ಪ್ಯಾಡ್? ಮೆಮೊರಿ ಚಿಪ್‌ಗಳ ಮೇಲಿನ ಪ್ಯಾಡ್ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ ಆದರೂ ಹೀಟ್‌ಸಿಂಕ್ (ಬಿಸಿ ಹೀರೋ ಲೋಹದ ಭಾಗ) ಮುಖ್ಯ ಚಿಪ್ ಮೇಲೆ ಸರಿಯಾಗಿ ಕೂರಲ್ಲ. ನಿಮಗೆ ಅದೇ ಆಗಿದೆ.

ಮೌನವ್ರತ:
ಪಂಡಿತರು ಪ್ಯಾಡ್ ಅಳೆಯುತ್ತಿರಲಿ, ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡುತ್ತೇನೆ. ಕಾರ್ಡ್ ಎಷ್ಟು ವ್ಯಾಟ್ ಎಳೆಯುತ್ತದೋ ಅಷ್ಟೂ ಬಿಸಿಯಾಗಿ ಹೊರಗೆ ಬರಲೇಬೇಕು. ಕಡಿಮೆ ವ್ಯಾಟ್‌ನ ಚಿಪ್‌ಗೆ ದೊಡ್ಡ ಹೀಟ್‌ಸಿಂಕ್ ಕೂರಿಸಿದ್ದರೆ ಫ್ಯಾನ್ ನಿಧಾನವಾಗಿ ತಿರುಗಿದರೂ ನಡೆಯುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060ಗೆ 115 ವ್ಯಾಟ್, 5060ಗೆ 145, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ 160. ಇವುಗಳಲ್ಲೇ ಉದ್ದನೆಯ, ಮೂರು ಫ್ಯಾನಿನ ಮಾಡೆಲ್ ನೋಡಿ. ಅದೇ ಚಿಪ್ ಪುಟಾಣಿ ಹೀಟ್‌ಸಿಂಕ್ ಜೊತೆ ಬಂದರೆ ಕೂಗುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಎರಡು ಬಯಾಸ್ (ಕಾರ್ಡ್‌ನ ಮೂಲ ಸೆಟ್ಟಿಂಗ್) ಇರುತ್ತದೆ, ಮೇಲಂಚಿನಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್. ಅದನ್ನು ಸೈಲೆಂಟ್ ಕಡೆಗೆ ತಳ್ಳಿದರೆ ಫ್ಯಾನ್ ಸ್ಪೀಡ್ ಇಳಿಯುತ್ತದೆ. ಸಿಕ್ಕರೆ ಅದೇ ತಗೊಳ್ಳಿ.

ನನ್ನ ಓಟು 9060 ಎಕ್ಸ್‌ಟಿ 16 ಜಿಬಿಗೆ. ಕಾರಣ ನಿಮ್ಮ ಬೋರ್ಡು. ಬಿ450 ಅಂದರೆ ಪಿಸಿಐಇ 3.0, ಕಾರ್ಡ್‌ಗೂ ಬೋರ್ಡ್‌ಗೂ ನಡುವಿನ ಹಳೇ, ನಿಧಾನದ ದಾರಿ. 4060, 5060 ಎರಡೂ ಆ ದಾರಿಯ 16 ಲೇನ್‌ಗಳಲ್ಲಿ 8 ಮಾತ್ರ ಬಳಸುತ್ತವೆ. ಅವುಗಳ 8 ಜಿಬಿ ತುಂಬಿ ಸಿಸ್ಟಮ್ ರ‍್ಯಾಮ್ ಕಡೆ ಹರಿದಾಗ ಆ ದಾರಿ ಸಾಲದೆ ಗೇಮ್ ತಡವರಿಸುತ್ತದೆ. 9060 ಎಕ್ಸ್‌ಟಿಗೆ 16 ಲೇನ್ ಇದೆ, ಮೆಮೊರಿಯೂ ಅಷ್ಟು ಬೇಗ ತುಂಬಲ್ಲ.

ಹಸಿರುಪಕ್ಷ:
ಶುರುವಾಯ್ತಪ್ಪ 8 ಜಿಬಿ ಪುರಾಣ. ಟೆಕ್ಸ್‌ಚರ್ ಅಲ್ಟ್ರಾದಿಂದ ಹೈಗೆ ಇಳಿಸಿ, ಆಡುವಾಗ ಯಾರೂ ಗೋಡೆಗೆ ಮೂಗು ತಾಗಿಸಿ ನೋಡಲ್ಲ. ಡಿಎಲ್‌ಎಸ್‌ಎಸ್ (ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡೋ ಎನ್‌ವಿಡಿಯಾ ತಂತ್ರ) ಹಾಕಿದರೆ ಕಾರ್ಡ್‌ಗೆ ಕೆಲಸ ಕಡಿಮೆ, ಸದ್ದೂ ಕಡಿಮೆ. ರಿವ್ಯೂಗಳಲ್ಲಿ ಡೆಸಿಬಲ್ ಅಂಕಿ ನೋಡಿ, 4060 ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮೌನವ್ರತ:
ಡಿಎಲ್‌ಎಸ್‌ಎಸ್ ಹಾಕಿದರೆ ಸೆಕೆಂಡಿಗೆ ಬರುವ ಫ್ರೇಮ್ ಏರುತ್ತದೆ, ವ್ಯಾಟ್ ಹಾಗೇ ಉಳಿಯುತ್ತದೆ. ಜೊತೆಗೆ ಫ್ರೇಮ್‌ಗೆ ಮಿತಿ ಹಾಕಿದರೆ ಮಾತ್ರ ತಣ್ಣಗಾಗೋದು. ಇನ್ನು ಡೆಸಿಬಲ್. ಒಬ್ಬರು ಮೈಕನ್ನು ಅರ್ಧ ಮೀಟರ್ ದೂರ ಇಡುತ್ತಾರೆ, ಇನ್ನೊಬ್ಬರು ಒಂದು ಮೀಟರ್. ದೂರ ಎರಡು ಪಟ್ಟಾದರೆ ಬಯಲಿನಲ್ಲಿ 6 ಡೆಸಿಬಲ್ ತಾನಾಗಿ ಇಳಿಯುತ್ತದೆ. ಒಂದೇ ರಿವ್ಯೂ ಒಳಗೆ ಹೋಲಿಸಿ, ಅದು ಬಿಟ್ಟು ಅಲ್ಲೊಂದು ಇಲ್ಲೊಂದು ಅಂಕಿ ತಂದು ವಾದಿಸಬೇಡಿ.

ಹಸಿರುಪಕ್ಷ:
ನಿಮ್ಮ ಕಾರ್ಡ್ ಕೆಂಪು ಪಾರ್ಟಿದು, ಎಎಂಡಿದು ಅಂತ ಎಲ್ಲರಿಗೂ ಗೊತ್ತು ಬಿಡಿ.

ಕಿವಿಸೂಕ್ಷ್ಮ:
ಜಗಳ ಆಮೇಲೆ ಆಡಿ. ನಿದ್ದೆಗೇಡಿಯವರೇ, ಸದ್ದು ಅಂದರೆ ಯಾವ ಸದ್ದು? ಭರ್ರ್ ಅಂತ ಗಾಳಿಯದ್ದಾ? ಚೀಂಯ್ ಅಂತ ಕೀರಲಾ? ಕಟಕಟ ಅಂತ ಬೇರಿಂಗಾ? ಬರೋದು ಯಾವಾಗ?

ನಿದ್ದೆಗೇಡಿ:
ಆಡುವಾಗ ಭರ್ರ್. ಕೆಲವು ಗೇಮ್‌ಗಳ ಮೆನುವಿನಲ್ಲಿ ಚೀಂಯ್. ಮತ್ತೆ ಬರೀ ಬ್ರೌಸರ್ ತೆರೆದುಕೊಂಡು ಕೂತಾಗಲೂ ಗುಂಯ್ ಅಂತ ಎದ್ದು ಅರ್ಧ ನಿಮಿಷಕ್ಕೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಪ್ರಾಣ ತಿನ್ನೋದು ಇದೇ.

ಕಿವಿಸೂಕ್ಷ್ಮ:
ಇದನ್ನು ಮೊದಲೇ ಹೇಳಬಾರದಾ! ಇವು ಮೂರು ಬೇರೆ ಬೇರೆ ಕಾಯಿಲೆ. ಚೀಂಯ್ ಅನ್ನೋದು ಕಾರ್ಡ್ ಮೇಲಿನ ತಂತಿ ಸುರುಳಿಗಳ (ಕಾಯಿಲ್) ಕಂಪನ. ಮೆನುವಿನಲ್ಲಿ ಕೆಲಸವೇ ಇಲ್ಲದೆ ಫ್ರೇಮ್ ನೂರಾರು, ಸಾವಿರಾರು ಏರುತ್ತದೆ, ಆಗ ಕೀರುತ್ತದೆ. ಡ್ರೈವರ್‌ನಲ್ಲೇ ಫ್ರೇಮ್ ಮಿತಿ ಹಾಕಿದರೆ ಬಹುಪಾಲು ಅಡಗುತ್ತದೆ. ಗುಂಯ್ ಅನ್ನೋದು ಬೇರೆ. ಮಾನಿಟರ್ ಒಂದೇನಾ?

ನಿದ್ದೆಗೇಡಿ:
ಎರಡು. ಒಂದು 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತದೆ), ಇನ್ನೊಂದು ಹಳೇ 60. ಚಾಟ್ ನೋಡೋಕೆ ಇಟ್ಟಿದ್ದೇನೆ. ಮಾನಿಟರ್‌ಗೂ ಸದ್ದಿಗೂ ಏನು ಸಂಬಂಧ?

ಪೇಸ್ಟ್‌ಪಂಡಿತ:
ಏನೂ ಸಂಬಂಧ ಇಲ್ಲ. ಹಾಟ್‌ಸ್ಪಾಟ್, ಅಂದರೆ ಚಿಪ್‌ನ ಅತಿ ಬಿಸಿ ಜಾಗದ ತಾಪಮಾನ ನೋಡಿ. ಚಿಪ್‌ನ ತಾಪಮಾನಕ್ಕೂ ಅದಕ್ಕೂ ತುಂಬಾ ಅಂತರ ಇದ್ದರೆ ಪೇಸ್ಟ್ ಹರಡಿಲ್ಲ ಅಂತಲೇ ಅರ್ಥ.

ನಿದ್ದೆಗೇಡಿ:
12 ಡಿಗ್ರಿ ಅಂತರ ಮಾತ್ರ ತೋರಿಸುತ್ತಿದೆ.

ಪೇಸ್ಟ್‌ಪಂಡಿತ:
ಸೆನ್ಸರ್ ನಂಬಬೇಡಿ.

ಕಿವಿಸೂಕ್ಷ್ಮ:
ಸಂಬಂಧ ಇದೆ. ಕಾರ್ಡ್ ತನ್ನ ಮೆಮೊರಿ ಸ್ಪೀಡ್ ಬದಲಾಯಿಸುವುದು ಪರದೆಯಲ್ಲಿ ಒಂದು ಫ್ರೇಮ್ ಮುಗಿದು ಮುಂದಿನದು ಶುರುವಾಗುವ ಸಣ್ಣ ಬಿಡುವಿನಲ್ಲಿ. ಆಗ ಬದಲಾಯಿಸಿದರೆ ಪರದೆ ಮಿನುಗಲ್ಲ. ಎರಡು ಮಾನಿಟರ್‌ಗಳ ಹರ್ಟ್ಸ್ ಬೇರೆ ಬೇರೆ ಆದಾಗ ಇಬ್ಬರ ಬಿಡುವೂ ಒಟ್ಟಿಗೆ ಕೂಡಿ ಬರಲ್ಲ. ಡ್ರೈವರ್ ಉಸಾಬರಿಯೇ ಬೇಡ ಅಂತ ಮೆಮೊರಿಯನ್ನು ಮೇಲಿನ ಸ್ಪೀಡ್‌ನಲ್ಲೇ ಬಿಟ್ಟುಬಿಡುತ್ತದೆ. ಸುಮ್ನೆ ಕೂತಾಗಲೂ ಕಾರ್ಡ್ ಬೆಚ್ಚಗಿರುತ್ತದೆ. ಫ್ಯಾನ್ ಶುರುವಾಗುವ ಗೆರೆ ದಾಟುತ್ತದೆ, ಗುಂಯ್. ತಣ್ಣಗಾದರೆ ನಿಲ್ಲುತ್ತದೆ. ಮತ್ತೆ ಬೆಚ್ಚಗಾಗುತ್ತದೆ. ಎರಡನೇ ಮಾನಿಟರ್ ವೈರ್ ಕಿತ್ತು, ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಮೆಮೊರಿ ಕ್ಲಾಕ್, ಅಂದರೆ ಅದರ ಸ್ಪೀಡ್ ನೋಡಿ ಹೇಳಿ.

ನೀರಾವರಿ:
ಇದಕ್ಕೇ ನಾನು ನೀರಿಗಿಳಿದದ್ದು, ಅಂದರೆ ವಾಟರ್ ಕೂಲಿಂಗ್ ಹಾಕಿದ್ದು. 360 ಎಂಎಂ ರೇಡಿಯೇಟರ್ ಎರಡು, ಫ್ಯಾನ್ 600 ಆರ್‌ಪಿಎಂ ದಾಟಲ್ಲ. ಕೂಲೆಂಟ್ ನೇರಳೆ ಬಣ್ಣದ್ದು. ಪೈಪ್ ನಾನೇ ಬಿಸಿ ಮಾಡಿ ಬಗ್ಗಿಸಿದ್ದು. ಫೋಟೊ ಸಂಜೆ ಹಾಕುತ್ತೇನೆ.

ಹಸಿರುಪಕ್ಷ:
ಪಂಪ್ ಸದ್ದು?

ನೀರಾವರಿ:
ಪಂಪ್ ಕೇಳುತ್ತದೆ. ಆದರೆ ಅದು ಹಿತವಾಗಿರುತ್ತದೆ.

ನಿದ್ದೆಗೇಡಿ:
ಕಿತ್ತು ನೋಡಿದೆ. ಮೆಮೊರಿ ಕ್ಲಾಕ್ ದಬಕ್ಕನೆ ಕೆಳಗೆ ಬಿತ್ತು. 58 ಡಿಗ್ರಿ ಇದ್ದದ್ದು 45ಕ್ಕೆ ಇಳಿಯಿತು, ಫ್ಯಾನ್ ಏಳಲೇ ಇಲ್ಲ. ಆದರೆ ನನಗೆ ಎರಡನೇ ಮಾನಿಟರ್ ಬೇಕೇ ಬೇಕು.

ಜೋಡಿಪರದೆ:
ಅದನ್ನು ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಚುಚ್ಚಿ. ಮುಗೀತು.

ಮೌನವ್ರತ:
ಅವರ ಸಿಪಿಯು 3600ರ ಒಳಗೆ ಗ್ರಾಫಿಕ್ಸ್ ಇಲ್ಲ. ಪರದೆ ಕಪ್ಪಗೇ ಇರುತ್ತದೆ.

ಜೋಡಿಪರದೆ:
ನನ್ನದು ಬರುತ್ತದಲ್ಲ? 5600ಜಿ.

ಮೌನವ್ರತ:
ಆ ಜಿ ಇರೋದಕ್ಕೇ ಬರೋದು ಮಾರಾಯರೇ.

ಕಿವಿಸೂಕ್ಷ್ಮ:
ದೊಡ್ಡ ಮಾನಿಟರನ್ನು 144ರಿಂದ 120ಕ್ಕೆ ಇಳಿಸಿ ನೋಡಿ. ಹಲವರಿಗೆ ಇಷ್ಟರಲ್ಲೇ ಸರಿಹೋಗುತ್ತದೆ. 24 ಹರ್ಟ್ಸ್ ಹೋಯಿತು ಅಂತ ಕಣ್ಣಿಗೆ ಗೊತ್ತಾಗೋದೂ ಇಲ್ಲ.

ಹಸಿರುಪಕ್ಷ:
ನನಗೆ ಗೊತ್ತಾಗುತ್ತೆ.

ನಿದ್ದೆಗೇಡಿ:
120ರಲ್ಲಿ ಮೆಮೊರಿ ಕ್ಲಾಕ್ ಕೆಳಗೇ ನಿಂತಿದೆ, ಗುಂಯ್ ಇಲ್ಲ. ಹಾಗಾದರೆ ಹೊಸ ಕಾರ್ಡ್ ಹಾಕಿದ್ದರೂ ಇದು ಬರುತ್ತಿತ್ತಾ?

ಕಿವಿಸೂಕ್ಷ್ಮ:
ಬರಬಹುದಿತ್ತು. ಇದಕ್ಕೆ ಎಎಂಡಿಯ ಕೆಂಪು, ಎನ್‌ವಿಡಿಯಾದ ಹಸಿರು ಅಂತ ಭೇದ ಇಲ್ಲ. ಇನ್ನು ಭರ್ರ್ ಉಳಿಯಿತು. ಕೇಸ್‌ನ ಪಕ್ಕದ ಬಾಗಿಲು ತೆಗೆದು ಅದೇ ಗೇಮ್ ಅದೇ ಜಾಗದಲ್ಲಿ ಆಡಿ. ತಾಪಮಾನ ಎಷ್ಟು ಇಳಿಯುತ್ತದೆ ನೋಡಿ.

ನಿದ್ದೆಗೇಡಿ:
9 ಡಿಗ್ರಿ ಇಳಿಯಿತು. ಫ್ಯಾನ್ ಸ್ಪೀಡೂ ಇಳಿಯಿತು. ಮುಂದುಗಡೆ ಪೂರ್ತಿ ಗಾಜು, ಅದಕ್ಕೇ ಇರಬೇಕು.

ಮೌನವ್ರತ:
ಮುಂದೆ ಪೂರ್ತಿ ಗಾಜಾ? ಗಾಳಿ ಎಲ್ಲಿಂದ ಒಳಗೆ ಬರಬೇಕು ಸ್ವಾಮಿ? ಆ ಗಾಜು ಬಿಚ್ಚಿಡಿ, ಇಲ್ಲಾ ಜಾಲರಿ ಇರುವ ಕೇಸ್ ತಗೊಳ್ಳಿ. ಕಾರ್ಡ್‌ಗಿಂತ ಅಗ್ಗಕ್ಕೆ ಮುಗಿಯುತ್ತದೆ.

ನಿದ್ದೆಗೇಡಿ:
ಗಾಜು ತೆಗೆದರೆ ಒಳಗಿನ ಲೈಟ್ ಚೆನ್ನಾಗಿ ಕಾಣಲ್ಲ. ಕೇಸ್ ಬದಲಾಯಿಸಲ್ಲ. ಕಾರ್ಡ್ ಹೆಸರು ಕೇಳಿದ್ದು ನಾನು.

ಮೌನವ್ರತ:
ಹೆಸರು ಆಗಲೇ ಹೇಳಿದ್ದೇನೆ. ಆದರೆ ಆ ಗಾಜಿನ ಹಿಂದೆ ಅದೂ ಬೆವರುತ್ತದೆ. ತಗೊಂಡ ಮೇಲೆ ವೋಲ್ಟೇಜ್ ಸ್ವಲ್ಪ ಇಳಿಸಿ, ಫ್ರೇಮ್ 120ಕ್ಕೆ ಕಟ್ಟಿ, ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ಸ್ಪೀಡ್ ಅನ್ನೋ ಗೆರೆ) ಮೆಲ್ಲಗೆ ಏರೋ ಹಾಗೆ ಎಳೆಯಿರಿ. ಮೊದಲು ಕೇಸ್ ಒಳಗೆ ಅಳತೆ ತಗೊಳ್ಳಿ. ಮೂರು ಫ್ಯಾನಿನವು ಕೆಲವು 30 ಸೆಂಟಿಮೀಟರ್ ದಾಟುತ್ತವೆ. ಮುಂದಿನ ಫ್ಯಾನ್ ದಪ್ಪ 25 ಮಿಲಿಮೀಟರ್, ಅದನ್ನು ಕಳೆಯೋದು ಮರೆಯಬೇಡಿ.

ನಿದ್ದೆಗೇಡಿ:
ಫ್ಯಾನ್ ಕಳೆದು 28 ಸೆಂಟಿಮೀಟರ್ ಉಳಿಯುತ್ತದೆ.

ಮೌನವ್ರತ:
ಹಾಗಾದರೆ ಮೂರು ಫ್ಯಾನಿನ ಉದ್ದನೆಯವು ಬಿಡಿ. ಎರಡು ದೊಡ್ಡ ಫ್ಯಾನ್, ಎರಡೂವರೆ ಸ್ಲಾಟ್ ದಪ್ಪ ಇರೋದು ನೋಡಿ. ಉದ್ದ ಕಡಿಮೆ ಆದರೂ ದಪ್ಪದಲ್ಲಿ ಹೀಟ್‌ಸಿಂಕ್ ಸಿಗುತ್ತದೆ.

ಹಸಿರುಪಕ್ಷ:
4060 ಅಂದಿದ್ದರೆ ಯಾವ ಕೇಸಿಗಾದರೂ ಹಿಡಿಯುತ್ತಿತ್ತು. ಇಷ್ಟು ಅಳತೆ ಬೇಕಿತ್ತಾ?

ನೀರಾವರಿ:
ಫೋಟೊ ಹಾಕಿದ್ದೇನೆ, ನೋಡಿ. ಎಡಗಡೆ ಬೆಂಡ್ ಸ್ವಲ್ಪ ಓರೆ ಇದೆ, ಅದನ್ನು ಬಿಟ್ಟು ಹೇಗಿದೆ ಹೇಳಿ.

ಹೊಸಬ:
ನನಗೂ ಇದೇ ಗುಂಯ್ ಸಮಸ್ಯೆ ಇದೆ ಸರ್. ಆದರೆ ನನ್ನದು ಲ್ಯಾಪ್‌ಟಾಪ್. ಏನು ಮಾಡಬೇಕು?